ಸೊಂಟದ ನೋವು: ಎಲ್ಲಿ ನೋಯುತ್ತದೆಂದು ಮೊದಲು ಕೇಳೋಣ

ನಮ್ಮ ಮನೆಗಳಲ್ಲಿ ಐವತ್ತು ದಾಟಿದ ಹೆಣ್ಣುಮಕ್ಕಳ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುವ ಮಾತು ‘ಸೊಂಟ ಹಿಡಿದಿದೆ’ ಎಂಬುದು. ಉತ್ತರ ಕರ್ನಾಟಕದ ಬಂಧುಗಳು ‘ಟೊಂಕ’ ಎನ್ನುತ್ತಾರೆ. ಕೆಲವರು ‘ಚಪ್ಪೆ’ ಎಂದೂ ಹೇಳುವುದುಂಟು. ಮಾತು ಯಾವುದೇ ಇರಲಿ, ಬೆನ್ನಿನ ಕೆಳಭಾಗ, ಪೃಷ್ಠ, ಪಕ್ಕೆಲುಬಿನ ಕೆಳಗಿನ ಮಗ್ಗುಲು, ತೊಡೆಯ ಬುಡ ಇವೆಲ್ಲವನ್ನೂ ನಾವು ಒಂದೇ ಹೆಸರಿನಲ್ಲಿ ಅಡಗಿಸಿಬಿಡುತ್ತೇವೆ. ಹೆಸರು ಒಂದಾದುದರಿಂದ ರೋಗವೂ ಒಂದೇ ಎಂದು ಭಾವಿಸುತ್ತೇವೆ. ರೋಗ ಒಂದೇ ಎಂದಮೇಲೆ ಮದ್ದೂ ಒಂದೇ. ಎಣ್ಣೆ ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು, ಔಷಧಿ ಅಂಗಡಿಯಿಂದ ಗುಳಿಗೆ ತರಿಸುವುದು, ಇಷ್ಟರಲ್ಲಿ ಚಿಕಿತ್ಸೆ ಮುಗಿಯುತ್ತದೆ. ಈ ತಿಂಗಳು ಸೊಂಟದ ಕೀಲಿನ ನೋವಿನ ಬಗೆಗೆ ಕೆಲವು ಸಂಗತಿಗಳನ್ನು ಓದುಗ ಕುಟುಂಬಗಳ ಗಮನಕ್ಕೆ ತರಬಯಸುತ್ತೇವೆ.

ಈ ಅಂಕಣದಲ್ಲಿ ನಮ್ಮ ಮನೆಯ ಮಾತನ್ನು ಆಡುವುದು ವಿರಳ. ಆದರೆ ಈ ವಿಷಯವನ್ನು ನಾವು ಪುಸ್ತಕದಿಂದ ಕಲಿತುದಕ್ಕಿಂತ ನಮ್ಮ ತಾಯಿಯವರಿಂದ ಕಲಿತುದೇ ಹೆಚ್ಚಾದುದರಿಂದ ಹೇಳದೆ ಇರಲಾಗದು. ಅವರಿಗೆ ಅರವತ್ತಾರು ತುಂಬಿದ ವರ್ಷ ಬಲಗಾಲಿನ ಮೊಣಕಾಲು ನೋಯತೊಡಗಿತು. ಸಂಜೆಯ ಹೊತ್ತಿಗೆ ನೋವು ಏರುತ್ತಿತ್ತು. ಎರಡು ವರ್ಷ ಮೊಣಕಾಲಿಗೆ ಎಣ್ಣೆ ಹಚ್ಚಿದೆವು. ಒಂದು ಆಸ್ಪತ್ರೆಯಲ್ಲಿ ಮೊಣಕಾಲಿನ ಕ್ಷಕಿರಣ ಚಿತ್ರ ತೆಗೆದು, ‘ವಯೋಸಹಜ ಸವೆತ’ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಆ ಚೀಟಿಯನ್ನೇ ತೋರಿಸಿ ತಿಂಗಳು ತಿಂಗಳೂ ಗುಳಿಗೆ ತರಿಸುತ್ತಿದ್ದೆವು. ಈ ನಡುವೆ ತಾಯಿಯವರು ನೆಲದ ಮೇಲೆ ಕುಳಿತು ಊಟ ಮಾಡುವುದನ್ನು ಬಿಟ್ಟರು. ಮದುವೆಯ ಮನೆಯ ಪಂಕ್ತಿಯಲ್ಲಿ ಕೂರದೆ ಮೂಲೆಯಲ್ಲೊಂದು ಕುರ್ಚಿ ಹುಡುಕಿದಾಗ ನಾವೆಲ್ಲ ನಕ್ಕೆವು. ‘ಅಮ್ಮನಿಗೆ ಈಗ ಪಟ್ಟಣದ ಠೀವಿ ಬಂದಿದೆ’ ಎಂದೆವು. ಅವರೂ ನಕ್ಕು ಸುಮ್ಮನಾದರು.

ವಿಷಯ ಹೊರಬಿದ್ದದ್ದು ಮನೆಯ ಕಿರಿಯ ಸೊಸೆಯಿಂದ. ಅತ್ತೆಯವರ ಎಡಗಾಲಿನ ಉಗುರುಗಳು ಸರಿಯಾಗಿ ಕತ್ತರಿಸಿದ್ದು, ಬಲಗಾಲಿನವು ಬೆಳೆದೇ ಇರುವುದನ್ನು ಆಕೆ ಗಮನಿಸಿದಳು. ಕೇಳಿದಾಗ, ‘ಆ ಪಾದ ಕೈಗೆ ಎಟಕುವುದಿಲ್ಲ, ಬಹಳ ದಿನವಾಯಿತು’ ಎಂದರು. ಬೇರೊಬ್ಬ ವೈದ್ಯರ ಬಳಿಗೆ ಕರೆದೊಯ್ದೆವು. ಅವರು ತಾಯಿಯವರನ್ನು ಅಂಗಾತ ಮಲಗಿಸಿ ಮೊಣಕಾಲನ್ನು ಮಡಿಸಿ ಬಿಡಿಸಿದರು; ಅದು ಸರಾಗವಾಗಿ ಆಡಿತು. ಬಳಿಕ ಮಡಿಸಿದ ಕಾಲನ್ನು ಹಿಡಿದು ತೊಡೆಯನ್ನು ಒಳಮುಖವಾಗಿ ತುಸು ತಿರುಗಿಸಿದೊಡನೆ ತಾಯಿಯವರು ಚೀರಿದರು. ಸೊಂಟದ ಚಿತ್ರ ತೆಗೆದಾಗ ಆ ಕೀಲಿನ ಮೃದ್ವಸ್ಥಿ ಬಹುಪಾಲು ಸವೆದುಹೋಗಿತ್ತು. ಎರಡು ವರ್ಷದ ಗುಳಿಗೆಗಳಿಂದ ರಕ್ತದೊತ್ತಡವೂ ಏರಿತ್ತು. ತಪ್ಪು ಒಬ್ಬರದೆಂದು ಹೇಳಲಾರೆವು. ತಾಯಿಯವರು ಹೇಳಲಿಲ್ಲ, ನಾವು ಕೇಳಲಿಲ್ಲ, ಮೊದಲು ನೋಡಿದವರು ಮೊಣಕಾಲಿನಿಂದ ಮೇಲಕ್ಕೆ ಕೈಯಿಡಲಿಲ್ಲ.

ಕೀಲಿನ ರಚನೆ

ಸೊಂಟದ ಕೀಲನ್ನು ಅರಿಯಲು ನಮ್ಮ ಅಡುಗೆಮನೆಯ ಒರಳುಕಲ್ಲನ್ನು ನೆನೆದರೆ ಸಾಕು. ಒರಳಿನ ಕುಳಿಯಲ್ಲಿ ಗುಂಡು ಎತ್ತಲಾದರೂ ತಿರುಗುವಂತೆ, ಕಟಿಯ ಮೂಳೆಯಲ್ಲಿರುವ ಬಟ್ಟಲಿನಂತಹ ಕುಳಿಯಲ್ಲಿ ತೊಡೆಮೂಳೆಯ ದುಂಡಾದ ತಲೆ ತಿರುಗುತ್ತದೆ. ತೊಡೆಮೂಳೆಯು ನಮ್ಮ ಶರೀರದ ಅತ್ಯಂತ ಉದ್ದವಾದ ಮೂಳೆ. ಗುಂಡಿಗೂ ಕುಳಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ, ನಡುವೆ ಕೀಲುರಸವಿದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಶರೀರವೆಲ್ಲ ಒಂಟಿ ಕಾಲಿನ ಮೇಲೆ ನಿಲ್ಲುತ್ತದೆಯಷ್ಟೆ. ಆಗ ಮೈ ಆ ಕಡೆ ಈ ಕಡೆ ವಾಲದಂತೆ ಪೃಷ್ಠದ ಮಗ್ಗುಲಿನ ಸ್ನಾಯುಗಳು ಬಿಗಿಹಿಡಿಯಬೇಕು. ಮೈಭಾರಕ್ಕೆ ಈ ಸ್ನಾಯುಗಳ ಎಳೆತವೂ ಸೇರಿ ಕೀಲಿನ ಮೇಲೆ ದೇಹತೂಕದ ಎರಡು ಮೂರು ಪಟ್ಟು ಹೊರೆ ಬೀಳುತ್ತದೆ. ಆದುದರಿಂದಲೇ ಮೈತೂಕ 5 ಕಿಲೋ ಇಳಿದರೆ ಕೀಲಿಗೆ ಹೆಜ್ಜೆಹೆಜ್ಜೆಗೂ 10ರಿಂದ 15 ಕಿಲೋ ಹೊರೆ ಇಳಿದಂತೆ.

ಮೂರು ಜಾಗ, ಮೂರು ನೋವು

ಸೊಂಟ ನೋಯುತ್ತದೆ ಎಂದವರನ್ನು ನಾವು ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟೇ: ‘ಎಲ್ಲಿ? ಬೆರಳಿಟ್ಟು ತೋರಿಸಿ.’ ಈ ಪ್ರಶ್ನೆಗೆ ಹೆಚ್ಚಾಗಿ ಮೂರು ಉತ್ತರಗಳು ಬರುತ್ತವೆ.

ಮೊದಲನೆಯದು, ತೊಡೆಸಂದನ್ನು, ಅಂದರೆ ಹೊಟ್ಟೆಯ ಕೆಳಗೆ ತೊಡೆ ಸೇರುವ ಮಡಿಕೆಯನ್ನು ತೋರಿಸುವುದು. ಕೀಲಿನೊಳಗಿನ ನೋವು ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಜಾಗ ಇದು. ಅಲ್ಲಿಂದ ತೊಡೆಯ ಮುಂಭಾಗಕ್ಕೆ ಇಳಿದು ಮೊಣಕಾಲನ್ನು ಮುಟ್ಟುತ್ತದೆ. ಏಕೆಂದರೆ ಎರಡೂ ಕೀಲುಗಳಿಗೆ ನರಗಳ ಸಂಬಂಧವಿದೆ. ಎಷ್ಟೋ ವೇಳೆ ತೊಡೆಸಂದು ಸುಮ್ಮನಿದ್ದು ಮೊಣಕಾಲು ಮಾತ್ರ ನೋಯುತ್ತದೆ. ನಮ್ಮ ತಾಯಿಯವರಿಗೆ ಆದದ್ದು ಹೀಗೆಯೇ. ಚಪ್ಪಲಿ ಮೆಟ್ಟುವುದು, ಉಗುರು ಕತ್ತರಿಸುವುದು, ಚಕ್ಕಳಮಕ್ಕಳ ಹಾಕುವುದು, ವಾಹನವನ್ನೇರುವುದು ಕಷ್ಟವಾದರೆ ಕೀಲಿನ ಸವೆತವನ್ನು ಸಂಶಯಿಸಬೇಕು. ಬೆಳಿಗ್ಗೆ ಎದ್ದಾಗ ಕೀಲು ಬಿಗಿದಿದ್ದು ಅರ್ಧ ಗಂಟೆಯೊಳಗೆ ಸಡಿಲವಾಗುವುದು ಸವೆತದ ಇನ್ನೊಂದು ಗುರುತು. ಬಿಗಿತ ಗಂಟೆಗಟ್ಟಲೆ ಉಳಿದರೆ, ಮುಖ್ಯವಾಗಿ ತರುಣರಲ್ಲಿ, ಉರಿಯೂತದ ಸಂಧಿವಾತವಿರಬಹುದು. ಅದರ ಚಿಕಿತ್ಸೆಯೇ ಬೇರೆ.

ಎರಡನೆಯದು, ಮಗ್ಗುಲಲ್ಲಿ ತೊಡೆಯ ಬುಡದಲ್ಲಿ ಕೈಗೆ ಸಿಗುವ ಗಟ್ಟಿ ಮೂಳೆಯನ್ನು ತೋರಿಸುವುದು. ಆ ಮಗ್ಗುಲಿಗೆ ಮಲಗಲಾಗುವುದಿಲ್ಲ, ಮೆಟ್ಟಿಲೇರುವಾಗ ನೋಯುತ್ತದೆ, ಆದರೆ ಚಪ್ಪಲಿ ಮೆಟ್ಟಲು ಅಡ್ಡಿಯಿಲ್ಲ. ನಲವತ್ತು ದಾಟಿದ ಸ್ತ್ರೀಯರಲ್ಲಿ ಇದು ಹೆಚ್ಚು. ಇಲ್ಲಿ ಕೀಲು ಚೆನ್ನಾಗಿಯೇ ಇರುತ್ತದೆ. ಪೃಷ್ಠದ ಸ್ನಾಯುಗಳು ಮೂಳೆಗೆ ಅಂಟುವ ರಜ್ಜುಗಳು ಬಳಲಿರುತ್ತವೆ.

ಮೂರನೆಯದು, ಬೆನ್ನಿನ ಕೆಳಭಾಗವನ್ನೋ ಪೃಷ್ಠದ ಹಿಂಭಾಗವನ್ನೋ ತೋರಿಸುವುದು. ಇದರ ಮೂಲ ಬಹುಮಟ್ಟಿಗೆ ಬೆನ್ನೆಲುಬು. ನೋವು ಮೊಣಕಾಲನ್ನು ದಾಟಿ ಪಾದದವರೆಗೆ ಇಳಿದು, ಜೋಮು ಹಿಡಿದರೆ ನರ ಒತ್ತಿದೆ ಎಂದರ್ಥ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸೀವಾತವೆಂಬ ಹೆಸರಿದೆ.

ಈ ಮೂರಕ್ಕೂ ಒಂದೇ ಎಣ್ಣೆ, ಒಂದೇ ಗುಳಿಗೆ ಹೇಗೆ ತಾನೆ ಸಾಕಾದೀತು?

ಮಕ್ಕಳೂ ತರುಣರೂ ಹೊರತಲ್ಲ

ಸೊಂಟದ ನೋವು ಮುದುಕರ ಕಾಯಿಲೆ ಎಂಬ ಭಾವನೆಯೂ ಸರಿಯಲ್ಲ. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ತೊಡೆಮೂಳೆಯ ತಲೆಗೆ ರಕ್ತಸಂಚಾರ ಕುಂದುವ ಪರ್ತಿಸ್ ರೋಗವುಂಟು. ಹನ್ನೊಂದರಿಂದ ಹದಿನೈದರ ಪ್ರಾಯದಲ್ಲಿ, ಅದರಲ್ಲಿಯೂ ತೂಕ ಹೆಚ್ಚಿರುವ ಮಕ್ಕಳಲ್ಲಿ, ಬೆಳೆಯುವ ಮೂಳೆಯ ತಲೆ ತನ್ನ ಜಾಗದಿಂದ ಜಾರುವುದುಂಟು. ಈ ಎರಡರಲ್ಲಿಯೂ ಮಗು ಬಹಳ ವೇಳೆ ‘ಮೊಣಕಾಲು ನೋವು’ ಎಂದೇ ಹೇಳುತ್ತದೆ. ಮಗು ಕುಂಟುತ್ತಿದ್ದು ಮೊಣಕಾಲಿನಲ್ಲಿ ದೋಷ ಕಾಣದಿದ್ದರೆ ಸೊಂಟವನ್ನು ಪರೀಕ್ಷಿಸಲೇಬೇಕು. ಮೂಳೆಯ ತಲೆ ಜಾರಿದ್ದರೆ ಒಂದು ದಿನದ ವಿಳಂಬವೂ ಸಲ್ಲದು.

ಹುಟ್ಟಿದ ಮಕ್ಕಳಲ್ಲಿ ಕೀಲಿನ ಕುಳಿ ಆಳವಾಗಿ ಬೆಳೆಯದಿರುವ ದೋಷವೂ ಒಂದಿದೆ. ಕೂಸಿನ ಎರಡೂ ಕಾಲುಗಳನ್ನು ನೇರವಾಗಿ ಚಾಚಿ ಬಟ್ಟೆಯಲ್ಲಿ ಬಿಗಿದು ಸುತ್ತುವುದು ಈ ದೋಷಕ್ಕೆ ಇಂಬುಕೊಡುತ್ತದೆ. ಸುತ್ತಿದರೂ ಕಾಲುಗಳು ಮಡಿಸಿ ಅಗಲಿಸಲು ಎಡೆಯಿರಬೇಕು. ನಮ್ಮ ತಾಯಂದಿರು ಮಗುವನ್ನು ಕಾಲು ಅಗಲಿಸಿ ಕಂಕುಳಲ್ಲಿ ಕೂರಿಸಿಕೊಳ್ಳುವ ರೀತಿ ಕೀಲಿಗೆ ಹಿತವಾದದ್ದೆಂದು ಇಂದಿನ ಮೂಳೆತಜ್ಞರೂ ಒಪ್ಪುತ್ತಾರೆ.

ಮೂವತ್ತು ನಲವತ್ತರ ಪ್ರಾಯದ ಪುರುಷರಲ್ಲಿ ತೊಡೆಸಂದಿನ ನೋವು ಹಠಾತ್ತನೆ ಕಾಣಿಸಿಕೊಂಡರೆ ಮೂಳೆಯ ತಲೆ ರಕ್ತವಿಲ್ಲದೆ ಸಾಯುತ್ತಿರುವ ಶಂಕೆಯಿದೆ. ಮದ್ಯಪಾನ ಮತ್ತು ಸ್ಟೀರಾಯ್ಡ್ ಔಷಧಿಗಳು ಇದಕ್ಕೆ ಮುಖ್ಯ ಕಾರಣಗಳು. ಕೊರೋನಾ ಕಾಯಿಲೆಯಲ್ಲಿ ಜೀವ ಉಳಿಸಲು ಸ್ಟೀರಾಯ್ಡ್ ಪಡೆದವರಲ್ಲಿ ಕೆಲವರಿಗೆ ಹೀಗಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆರಂಭದಲ್ಲಿ ಇದು ಕ್ಷಕಿರಣ ಚಿತ್ರದಲ್ಲಿ ಕಾಣದು. ಎಂಆರ್‌ಐ ಪರೀಕ್ಷೆಯಲ್ಲಿ ಕಾಣುತ್ತದೆ. ಬೇಗ ತಿಳಿದರೆ ಕೀಲನ್ನು ಉಳಿಸಿಕೊಳ್ಳುವ ದಾರಿಗಳಿವೆ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ‘ವಾತದ ಪುಡಿ’ಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ತಿಂದ ದಿನವೇ ನೋವು ಮಾಯವಾಗುವ ಪುಡಿಯನ್ನು ನಂಬಬಾರದು.

ಮನೆಯಲ್ಲಿ ಮಾಡಬಹುದಾದುದು

ಕೀಲಿನ ಸವೆತದ ನೋವಿಗೆ ಅತ್ಯಂತ ಸುಲಭವಾದ ಸಹಾಯ ಊರುಗೋಲು. ಆದರೆ ಹತ್ತರಲ್ಲಿ ಎಷ್ಟೋ ಜನ ಅದನ್ನು ನೋಯುವ ಕಡೆಯ ಕೈಯಲ್ಲಿ ಹಿಡಿಯುತ್ತಾರೆ. ಇದು ತಪ್ಪು. ಬಲ ಸೊಂಟ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಲಗಾಲನ್ನೂ ಕೋಲನ್ನೂ ಒಟ್ಟಿಗೆ ಊರಬೇಕು. ಆಗ ಮಗ್ಗುಲಿನ ಸ್ನಾಯುಗಳು ಎಳೆಯಬೇಕಾದ ಭಾರವನ್ನು ಎಡಗೈ ಹಂಚಿಕೊಳ್ಳುತ್ತದೆ, ಕೀಲಿನ ಹೊರೆ ಇಳಿಯುತ್ತದೆ. ನೇರವಾಗಿ ನಿಂತು ಕೈಯನ್ನು ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲೇರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕೋಲು ಹಿಡಿದರೆ ಮುದಿತನ ಒಪ್ಪಿಕೊಂಡಂತೆ ಎಂದು ಸಂಕೋಚಪಡುವ ಹಿರಿಯರಿಗೆ ಮನೆಯವರು ಧೈರ್ಯ ಹೇಳಬೇಕು.

ಊಟಕ್ಕೂ ಪೂಜೆಗೂ ನೆಲದ ಮೇಲೆ ಕೂರುವ ರೂಢಿ ನಮ್ಮದು. ಆರೋಗ್ಯವಂತ ಕೀಲಿಗೆ ಅದು ಒಳ್ಳೆಯ ವ್ಯಾಯಾಮವೇ. ಸವೆದ ಕೀಲಿಗೆ ಮಾತ್ರ ಅದು ಶಿಕ್ಷೆ. ಅಂಥವರಿಗೆ ಗಟ್ಟಿಯಾದ, ಕೈಗಳಿರುವ, ಮೊಣಕಾಲಿಗಿಂತ ತುಸು ಎತ್ತರವಾದ ಕುರ್ಚಿಯನ್ನು ಒದಗಿಸಬೇಕು. ಕುಳಿತ ಪೀಠದ ಎತ್ತರದಿಂದ ಪೂಜೆಯ ಶ್ರದ್ಧೆ ಕುಂದುವುದಿಲ್ಲ. ಕುಕ್ಕರುಗಾಲಿನ ಶೌಚಾಲಯದ ಬದಲು ಎತ್ತರದ ಪೀಠ, ಪಕ್ಕದಲ್ಲಿ ಹಿಡಿಗಂಬಿ ಇದ್ದರೆ ಅವರ ದಿನ ಸುಗಮವಾಗುತ್ತದೆ.

ನೋವಿದೆಯೆಂದು ಮಲಗಿಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮಲಗಿದಷ್ಟೂ ಸ್ನಾಯುಗಳು ಸೊರಗುತ್ತವೆ. ಅವು ಸೊರಗಿದಷ್ಟೂ ಕೀಲಿಗೆ ಆಸರೆ ತಪ್ಪುತ್ತದೆ. ವೈದ್ಯರು ಒಮ್ಮೆ ನೋಡಿದ ಬಳಿಕ ಈ ಸಾಧನೆಗಳನ್ನು ಆರಂಭಿಸಬಹುದು. ಅಂಗಾತ ಮಲಗಿ ಮೊಣಕಾಲು ಮಡಿಸಿ, ಪಾದಗಳನ್ನು ಊರಿ, ಪೃಷ್ಠವನ್ನು ಮೆಲ್ಲಗೆ ಎತ್ತಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು. ಕುರ್ಚಿಯಿಂದ ಕೈಯೂರದೆ ಏಳುವುದು, ನಿಧಾನವಾಗಿ ಕೂರುವುದು. ಅಡುಗೆಮನೆಯ ಕಟ್ಟೆಯನ್ನು ಹಿಡಿದು ನಿಂತು ಕಾಲನ್ನು ಪಕ್ಕಕ್ಕೂ ಹಿಂದಕ್ಕೂ ತುಸು ಎತ್ತುವುದು. ಒಂದೊಂದನ್ನು ಹತ್ತು ಸಲ. ಮಾಡುವಾಗ ಅಲ್ಪ ನೋವಾದರೆ ಅಂಜಬೇಕಿಲ್ಲ. ಮರುದಿನ ಬೆಳಿಗ್ಗೆಗೆ ಅದು ಇಳಿದಿದ್ದರೆ ಸರಿ. ಇಳಿಯದಿದ್ದರೆ ಸಂಖ್ಯೆಯನ್ನು ಕಡಿಮೆ ಮಾಡಬೇಕು. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ವಾರದಲ್ಲಿ ಕೈಬಿಟ್ಟು ‘ಉಪಯೋಗವಿಲ್ಲ’ ಎನ್ನಬಾರದು.

ಮಗ್ಗುಲಿನ ರಜ್ಜುಗಳ ನೋವಿನವರಿಗೆ ಇನ್ನೂ ಕೆಲವು ಎಚ್ಚರಿಕೆಗಳಿವೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ಸೊಂಟ ವಾಲಿಸಿ ನಿಲ್ಲಬಾರದು. ಕಾಲ ಮೇಲೆ ಕಾಲು ಹಾಕಿ ಕೂರಬಾರದು. ಮಗುವನ್ನಾಗಲಿ ಕೊಡವನ್ನಾಗಲಿ ಸದಾ ಒಂದೇ ಕಡೆಗೆ ಹೊರಬಾರದು. ನೋಯದ ಮಗ್ಗುಲಿಗೆ ಮಲಗಿ ಮೊಣಕಾಲುಗಳ ನಡುವೆ ದಿಂಬಿಟ್ಟುಕೊಳ್ಳಬೇಕು. ಆಸ್ಟ್ರೇಲಿಯಾದಲ್ಲಿ 204 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂತಹ ತಿಳಿವಳಿಕೆಯೂ ವ್ಯಾಯಾಮವೂ ಸೇರಿದ ಚಿಕಿತ್ಸೆಯನ್ನು ಸ್ಟೀರಾಯ್ಡ್ ಚುಚ್ಚುಮದ್ದಿನೊಡನೆ ಹೋಲಿಸಿತು. ಎಂಟು ವಾರಗಳಲ್ಲಿ ವ್ಯಾಯಾಮದವರೇ ಹೆಚ್ಚು ಸುಧಾರಿಸಿದ್ದರು. ವರ್ಷದ ಕೊನೆಗೆ ಚುಚ್ಚುಮದ್ದು ಪಡೆದವರ ಸ್ಥಿತಿ ಏನೂ ಮಾಡದೆ ಕಾದವರಿಗಿಂತ ಮೇಲಾಗಿರಲಿಲ್ಲ.

ಎಣ್ಣೆ ಹಚ್ಚುವುದನ್ನೂ ಶಾಖ ಕೊಡುವುದನ್ನೂ ನಾವು ಹಳಿಯುವುದಿಲ್ಲ. ಬಿಗಿದ ಸ್ನಾಯುಗಳಿಗೆ ಅದರಿಂದ ಹಿತವಾಗುತ್ತದೆ, ಮನೆಯವರ ಕೈಯ ಬಿಸಿಯೂ ಒಂದು ಸಾಂತ್ವನವೇ. ಆದರೆ ಸೊಂಟದ ಕೀಲು ದಪ್ಪ ಸ್ನಾಯುಗಳ ಅಡಿಯಲ್ಲಿ ಆಳವಾಗಿ ಇರುವುದರಿಂದ ಎಣ್ಣೆ ಅಲ್ಲಿಗೆ ಇಳಿಯದು. ನೋವಿನ ಗುಳಿಗೆಗಳು ಕೆಲವು ದಿನಗಳ ಮಟ್ಟಿಗೆ ಇರಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದವನ್ನು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣು, ರಕ್ತದೊತ್ತಡ, ಮೂತ್ರಪಿಂಡದ ಹಾನಿ ಉಂಟಾಗಬಹುದು. ಮಧುಮೇಹ, ಹೃದ್ರೋಗವಿರುವವರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಲೇಬಾರದು. ಬಿಸಿಲು ಕಾಣದೆ ಮನೆಯೊಳಗೇ ಇರುವ ಸ್ತ್ರೀಯರಲ್ಲಿ ಡಿ ಜೀವಸತ್ವದ ಕೊರತೆಯಿಂದ ಮೂಳೆ ಮೆತ್ತಗಾಗಿ ಸೊಂಟ, ತೊಡೆಗಳು ನೋಯುವುದೂ ಉಂಟು. ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ, ಔಷಧಿಯಿಂದ ಗುಣವಾಗುತ್ತದೆ.

ಶಸ್ತ್ರಚಿಕಿತ್ಸೆ ಎಂದರೆ ಅಂಜಿಕೆ ಬೇಡ

ಇಷ್ಟೆಲ್ಲ ಮಾಡಿಯೂ ರಾತ್ರಿಯ ನಿದ್ರೆ ಕೆಟ್ಟು, ನಾಲ್ಕು ಹೆಜ್ಜೆ ನಡೆಯುವುದೂ ದುಸ್ತರವಾದಾಗ ಕೀಲುಬದಲಿಯ ಶಸ್ತ್ರಚಿಕಿತ್ಸೆಯಿದೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿಯವರು ಮೊದಲು ಟೆಫ್ಲಾನಿನ ಬಟ್ಟಲನ್ನು ಬಳಸಿದರು. ಅದು ಕೆಲವೇ ವರ್ಷಗಳಲ್ಲಿ ಸವೆದು ರೋಗಿಗಳು ಮತ್ತೆ ನೋವಿಗೀಡಾದರು. ಅವರು ಧೃತಿಗೆಡದೆ 1962ರಲ್ಲಿ ಗಟ್ಟಿಯಾದ ಪಾಲಿಥೀನಿನ ಬಟ್ಟಲು, ಲೋಹದ ಗುಂಡು ಬಳಸಿದರು. ಇಂದಿನ ಕೀಲುಬದಲಿಗೆ ಅದೇ ಅಡಿಗಲ್ಲು. ಹಲವು ದೇಶಗಳ ದಾಖಲೆಗಳನ್ನು ಕೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ, ಬದಲಿಸಿದ ಸೊಂಟದ ಕೀಲುಗಳಲ್ಲಿ ಶೇಕಡಾ 58ರಷ್ಟು 25 ವರ್ಷ ಬಾಳುತ್ತವೆ. ಸೋಂಕು, ರಕ್ತ ಹೆಪ್ಪುಗಟ್ಟುವಿಕೆ, ಕೀಲು ಜಾರುವಿಕೆ ಮುಂತಾದ ಅಪಾಯಗಳು ಇಲ್ಲದಿಲ್ಲ. ಆದುದರಿಂದ ಅವಸರ ಬೇಡ. ಹಾಗೆಂದು ಸ್ನಾಯುಗಳೆಲ್ಲ ಸೊರಗಿ, ಮನುಷ್ಯ ಹಾಸಿಗೆ ಹಿಡಿಯುವವರೆಗೆ ಕಾಯುವುದೂ ಬೇಡ.

ತಡಮಾಡಬಾರದ ಸಂದರ್ಭಗಳು

ವಯಸ್ಸಾದವರು ಜಾರಿ ಬಿದ್ದು ಏಳಲಾಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ಸೊಂಟದ ಮೂಳೆ ಮುರಿದಿದೆ ಎಂದೇ ತಿಳಿಯಬೇಕು. ಅವರನ್ನು ನಿಲ್ಲಿಸುವುದಾಗಲಿ, ಕಾಲು ಎಳೆಯುವುದಾಗಲಿ, ತಿಕ್ಕಿಸುವುದಾಗಲಿ ಕೂಡದು. ಅಲುಗಿಸದೆ ಆಸ್ಪತ್ರೆಗೆ ಸಾಗಿಸಬೇಕು. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಿ ಬೇಗ ಎದ್ದು ಕುಳಿತವರು ಬದುಕುವ ಸಂಭವ ಹೆಚ್ಚು. ‘ಈ ವಯಸ್ಸಿನಲ್ಲಿ ಏಕೆ’ ಎಂದು ಮಲಗಿಸಿಯೇ ಇಟ್ಟರೆ ಹಾಸಿಗೆಹುಣ್ಣು, ನ್ಯುಮೋನಿಯಾಗಳಿಗೆ ಬಲಿಯಾಗುತ್ತಾರೆ. ಬೀಳದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ಬಚ್ಚಲಿನ ನೆಲ ಒಣಗಿರಲಿ, ರಾತ್ರಿ ಹಾಸಿಗೆಯಿಂದ ಶೌಚಾಲಯದವರೆಗೆ ಸಣ್ಣ ದೀಪವಿರಲಿ, ಜಾರುವ ಚಾಪೆ ನಡೆಯುವ ದಾರಿಯಲ್ಲಿ ಬೇಡ.

ಜ್ವರದೊಡನೆ ಸೊಂಟದ ನೋವು, ವಿಶ್ರಾಂತಿಯಲ್ಲಿಯೂ ಬಿಡದ ರಾತ್ರಿಯ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇವು ಕಂಡರೆ ಕೀಲಿನ ಸೋಂಕು, ಕ್ಷಯ, ಇಲ್ಲವೆ ಗೆಡ್ಡೆಯನ್ನು ಸಂಶಯಿಸಬೇಕು. ನಮ್ಮ ದೇಶದಲ್ಲಿ ಮೂಳೆಗಳ ಕ್ಷಯವು ಬೆನ್ನೆಲುಬನ್ನು ಬಿಟ್ಟರೆ ಹೆಚ್ಚಾಗಿ ತಗಲುವುದು ಸೊಂಟದ ಕೀಲಿಗೆ. ಬೆನ್ನು ನೋವಿನೊಡನೆ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ನಮ್ಮ ತಾಯಿಯವರಿಗೆ ರಕ್ತದೊತ್ತಡ ಹತೋಟಿಗೆ ಬಂದ ಬಳಿಕ ಶಸ್ತ್ರಚಿಕಿತ್ಸೆಯಾಯಿತು. ಮರುದಿನವೇ ಆಸರೆ ಹಿಡಿದು ನಿಂತರು. ಆರು ವಾರ ಎತ್ತರದ ಪೀಠ, ಕಾಲುಗಳ ನಡುವೆ ದಿಂಬು, ಸೊಸೆಯಂದಿರ ಕಾವಲು. ಇಂದಿಗೂ ನೆಲದ ಮೇಲೆ ಕೂರುವುದಿಲ್ಲ. ಆದರೆ ತಮ್ಮ ಎರಡೂ ಕಾಲಿನ ಉಗುರುಗಳನ್ನು ತಾವೇ ಕತ್ತರಿಸಿಕೊಳ್ಳುತ್ತಾರೆ. ಎರಡು ವರ್ಷ ಏಕೆ ಹೇಳಲಿಲ್ಲವೆಂದು ಒಮ್ಮೆ ಕೇಳಿದಾಗ, ‘ನೀವು ಯಾರೂ ಕೇಳಲಿಲ್ಲವಲ್ಲ’ ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಸಂಚಿಕೆಯನ್ನು ಓದಿ ಕೆಳಗಿಟ್ಟ ಮೇಲೆ ಮನೆಯ ಹಿರಿಯರ ಬಳಿ ಕುಳಿತು, ಚಪ್ಪಲಿ ಮೆಟ್ಟಲು ಕಷ್ಟವಾಗುತ್ತಿದೆಯೇ, ಯಾವ ಮಗ್ಗುಲಿಗೆ ಮಲಗುತ್ತೀರಿ, ಎಲ್ಲಿ ನೋಯುತ್ತದೆ ಎಂದು ಕೇಳಿರಿ. ಅವರು ಬೆರಳಿಟ್ಟು ತೋರಿಸುವವರೆಗೆ ಎದ್ದು ಹೋಗದಿರಿ.